ಸೀನೀರ ಬಾವಿಗೆ ಇಳಿದ ಮಕ್ಕಳು

ಆಳಂದದ ಹೊರಗೆ ಹೊಲಗಳ ನಡುವೆ ಯಾರೂ ಬಳಸದ ಒಂದು ಹಳೆಯ ಬಾವಿ ಇತ್ತು. ಕರಿಕಲ್ಲಿನಲ್ಲಿ ಕಡಿದ ಬಾವಿ. ಮೆಟ್ಟಿಲು ಅರ್ಧಕ್ಕೇ ಕುಸಿದಿದ್ದರಿಂದ ಒಳಗೆ ಇಳಿಯಬೇಕಾದರೆ ಹಗ್ಗವೇ ಗತಿ. ಗುಲ್ಬರ್ಗಾದ ಗಿರಣಿಯ ಹಿಂದಿನ ಓಣಿಗಳಿಂದ ಬಂದ ಹುಡುಗ ಹುಡುಗಿಯರನ್ನು ನಾನು ಮೊದಲ ಸಲ ಹಗ್ಗಕ್ಕೆ ಕಟ್ಟಿ ಇಳಿಸಿದ್ದು ಅಲ್ಲಿ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು.

ಎಲ್ಲರೂ ಹೈಸ್ಕೂಲಿನ ವಯಸ್ಸಿನವರು. ಗಿರಣಿ ನಡೆದರೆ ನಡೆಯಿತು, ನಿಂತರೆ ನಿಂತಿತು ಎನ್ನುವ ಕಾಲ ಅದು. ಅಪ್ಪಂದಿರು ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಮಕ್ಕಳು ಓಣಿಯಲ್ಲಿ ಅಲೆಯುತ್ತಿದ್ದರು. ಆ ಮಕ್ಕಳಿಗೆ ಸಾಹಸವನ್ನೂ ಯಂತ್ರದ ಕೆಲಸವನ್ನೂ ಒಟ್ಟಿಗೆ ಕಲಿಸಬೇಕೆಂದು ಒಂದು ಸಣ್ಣ ಯುವಕೇಂದ್ರ ನಡೆಯುತ್ತಿತ್ತು. ಅದನ್ನು ಕಟ್ಟಿದವರನ್ನು ಎಲ್ಲರೂ ಅಣ್ಣಾರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ನಾನು ಪರ್ವತಾರೋಹಣದ ತರಬೇತಿ ಮುಗಿಸಿ ಊರಿಗೆ ಬಂದಾಗ, ಹೆಣ್ಣುಮಗಳು ಹಗ್ಗ ಹಿಡಿದು ಏನು ಮಾಡುತ್ತಾಳೆ ಎಂದು ನಕ್ಕವರೇ ಹೆಚ್ಚು. ಅಣ್ಣಾರು ನಗಲಿಲ್ಲ. ಮರುದಿನವೇ ಬಾ ಎಂದರು.

ಬಾವಿ ಇಳಿಯುವ ವಿಚಾರವೂ ಅವರದೇ. "ತಂಗೀ, ನಮ್ಮ ಕಡಿ ಗುಡ್ಡ ಎಲ್ಲ್ಯಾವ? ಗುಡ್ಡ ಏರೂದು ಬ್ಯಾರೆಯವ್ರು ಮಾಡ್ಲಿ. ನಮ್ಮ ಹುಡುಗ್ರು ಬಾವಿ ಇಳೀಲಿ. ಇಳಿದು ಸುಮ್ಮನ ಬರೂದಲ್ಲ, ನೀರು ಅಳೆದು ಬರ್ಲಿ" ಎಂದಿದ್ದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಲ್ಲಿ ಒಂದಿಷ್ಟು ಬಾವಿ ಆರಿಸಿಕೊಂಡು, ಚಳಿಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ನೀರಿನ ಮಟ್ಟ ನೋಡುವುದು ಎಂದಾಯಿತು.

ಮಕ್ಕಳ ಹೆಸರು ಇಲ್ಲಿ ಬರೆಯುವುದಿಲ್ಲ. ಈಗ ಅವರಿಗೂ ಮನೆ ಮಕ್ಕಳು ಆಗಿದ್ದಾರೆ. ಆದರೆ ಇಬ್ಬರ ವಿಷಯ ಹೇಳದೆ ಈ ಕತೆ ಆಗುವುದಿಲ್ಲ. ಒಬ್ಬಳು ಗಿರಣಿ ಗೇಟಿನ ಎದುರಿನ ಚಹಾದಂಗಡಿಯವನ ಮಗಳು. ಗೋಡೆಗೆ ಕಾಲು ಕೊಟ್ಟು ಹಿಂದಕ್ಕೆ ಒರಗಿ ಇಳಿಯುವುದನ್ನು ನಾನು ಹೇಳಿಕೊಡುವ ಮೊದಲೇ ಅರ್ಥ ಮಾಡಿಕೊಂಡವಳು. ಇನ್ನೊಬ್ಬ ರೇಡಿಯೊ ರಿಪೇರಿಯವನ ಮಗ. ಎತ್ತರ ಎಂದರೆ ಅವನ ಮೈ ನಡುಗುತ್ತಿತ್ತು, ಆದರೆ ಕೈಗೆ ಸಿಕ್ಕ ತಂತಿ ಸುಮ್ಮನಿರುತ್ತಿರಲಿಲ್ಲ.

ನೀರು ಅಳೆಯುವ ಯಂತ್ರ ಮಾಡಿದ್ದು ಅವನೇ. ಎರಡೆಳೆಯ ಉದ್ದನೆಯ ವೈರು, ತುದಿಗೆ ಭಾರಕ್ಕೆ ಹಿತ್ತಾಳೆಯ ಬೋಲ್ಟು, ಮೇಲ್ಗಡೆ ಬ್ಯಾಟರಿ ಮತ್ತು ಒಂದು ಬಜರ್. ವೈರಿಗೆ ಮೀಟರಿಗೊಂದರಂತೆ ಬಣ್ಣದ ದಾರ. ಕೆಳಗೆ ಸುಲಿದ ಎರಡು ತುದಿಗಳು ನೀರಿಗೆ ತಾಗಿದ ಕ್ಷಣ ಬಜರ್ ಕೂಗುತ್ತದೆ. ಆಗ ದಾರ ನೋಡಿ ಆಳ ಬರೆದುಕೊಳ್ಳುವುದು. ಆಳಂದದ ಬಾವಿಯಲ್ಲಿ ಅದು ಮೊದಲ ದಿನ ಮೋಸ ಮಾಡಿತು. ನೀರು ಇನ್ನೂ ಎಷ್ಟೋ ಕೆಳಗಿರುವಾಗಲೇ ಕೂಗಿಬಿಟ್ಟಿತು. ಗೋಡೆಯ ಒದ್ದೆ ಪಾಚಿಗೆ ತುದಿ ತಾಗಿದರೂ ಸಾಕು, ನೀರು ಸಿಕ್ಕಿತೆಂದು ಹೇಳುತ್ತಿತ್ತು. ಹುಡುಗರೆಲ್ಲ ನಕ್ಕರು. ಅವನು ಎದ್ದು ಹೋಗಿ, ಹಳೆಯ ಸೈಕಲ್ ಪಂಪಿನ ನಳಿಗೆಯ ತುಂಡೊಂದನ್ನು ತಂದು ತುದಿಗಳನ್ನು ಅದರೊಳಗೆ ಕೂರಿಸಿದ. ಆಮೇಲೆ ಗೋಡೆಗೆ ಎಷ್ಟು ತಿಕ್ಕಿದರೂ ಕೂಗಲಿಲ್ಲ. ನಾವು ಅದನ್ನು ಒಂದು ವಾರ ಬೇರೆ ಬೇರೆ ಬಾವಿಗಳಲ್ಲಿ, ಹಗ್ಗ ಇಳಿಸಿ ಅಳೆದ ಆಳಕ್ಕೆ ಹೋಲಿಸಿ ನೋಡಿ, ಸರಿ ಎಂದು ಒಪ್ಪಿಕೊಂಡೆವು.

ಅಲ್ಲಿಂದ ಕೇಂದ್ರದ ಜೀಪಿನಲ್ಲಿ ಅಫಜಲಪುರ ತಾಲ್ಲೂಕಿಗೆ ಬಂದೆವು. ಅತನೂರಿನ ಆಚೆಗೆ ಒಂದು ಸಣ್ಣ ಊರು. ಆ ಊರಿನ ಸುತ್ತ ಎಲ್ಲ ಬಾವಿಯೂ ಸವುಳು. ಒಂದೇ ಒಂದು ಸೀನೀರ ಬಾವಿ. ಇಡೀ ಊರು ಕುಡಿಯುವುದು ಅದನ್ನೇ. ಬಾವಿ ಇದ್ದದ್ದು ಒಬ್ಬ ಮುದುಕಿಯ ಹೊಲದ ಅಂಚಿಗೆ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಕುಡುಗೋಲು. ನಮ್ಮ ಹಗ್ಗ ನೋಡಿ ಆಕೆಗೆ ಸಮಾಧಾನವಾಗಲಿಲ್ಲ.

"ನೀರು ಕುಡಿಯೂದು ಗೊತ್ತದ, ನೀರಿನಾಗ ಇಳಿದು ಏನ್ ಹುಡುಕ್ತೀರವ್ವಾ?"

ನಾನು ಹೇಳಿದೆ, "ಎಲ್ಲಿಂದ ಬರ್ತದ, ಎಷ್ಟು ಬರ್ತದ ಅಂತ ನೋಡ್ತೀವ್ರಿ ಆಯಿ."

"ನಮ್ಮ ನೀರಿಗೆ ಏನರ ಆದ್ರ?"

ನಾನು ಉತ್ತರ ಕೊಡುವ ಮೊದಲೇ ಅಣ್ಣಾರು ಮುಂದೆ ಬಂದರು. ಬಾವಿಯ ಕಟ್ಟೆಯ ಮೇಲೆ ಅಂಗೈ ಇಟ್ಟರು. "ಏನೂ ಆಗಂಗಿಲ್ಲ ಆಯಿ. ಭರೋಸಾ ಇಡ್ರಿ. ಇದು ನನ್ನ ಮಾತು."

ಆಯಿ ಅವರ ಮುಖ ನೋಡಿದಳು, ಮಕ್ಕಳ ಮುಖ ನೋಡಿದಳು. "ಆತು. ಆದ್ರ ಕಾಲಾಗಿಂದು ತೆಗೀರಿ. ಗಂಗವ್ವ ಅದಾಳ ಒಳಗ" ಎಂದಳು.

ಬರಿಗಾಲಲ್ಲಿ ಇಳಿಯುವುದೆಂದರೆ ನನಗೆ ಹೊಸ ತಲೆನೋವು. ಹಸಿ ಕಲ್ಲು ಜಾರುತ್ತದೆ. ಆದ್ದರಿಂದ ಬೇವಿನ ಮರಕ್ಕೆ ಒಂದು ಹಗ್ಗ, ನೆಲಕ್ಕೆ ಹೊಡೆದ ಹಾರೆಗಳಿಗೆ ಇನ್ನೊಂದು ಹಗ್ಗ ಕಟ್ಟಿ, ಇಳಿಯುವವರ ಸೊಂಟಕ್ಕೆ ಎರಡನ್ನೂ ಸೇರಿಸಿದೆ. ಮೇಲೆ ಹಗ್ಗ ಹಿಡಿಯುವವರು ಕೂತು, ಕಾಲು ಊರಿ, ಬೆನ್ನಿನ ಸುತ್ತ ಹಾಯಿಸಿ ಹಿಡಿಯಬೇಕು. ಮಾತಾಡುವಂತಿಲ್ಲ, ಅತ್ತಿತ್ತ ನೋಡುವಂತಿಲ್ಲ. ಮೊದಲು ಕಂದೀಲು ಇಳಿಸಿದೆವು. ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿದ್ದರೆ ಕಂದೀಲು ಆರುತ್ತದೆ, ಆಗ ಯಾರೂ ಇಳಿಯಬಾರದು. ಉರಿ ಅಲುಗಾಡಲೂ ಇಲ್ಲ. ಚಹಾದಂಗಡಿಯ ಹುಡುಗಿ ಇಳಿದಳು.

ಊರಿನವರು ಅಂದು ಬೆಳಗಿನ ನೀರನ್ನು ಮೊದಲೇ ತುಂಬಿಕೊಂಡು ಬಾವಿಯನ್ನು ನಮಗೆ ಬಿಟ್ಟಿದ್ದರು. ಎರವಲು ತಂದ ಡೀಸೆಲ್ ಇಂಜಿನ್ನಿನಿಂದ ನೀರನ್ನು ಎತ್ತಿ ಆಯಿಯ ಹೊಲಕ್ಕೇ ಬಿಟ್ಟೆವು. ನೀರು ಇಳಿಯಿತು. ಇಂಜಿನ್ ನಿಲ್ಲಿಸಿ, ಮಟ್ಟ ಮತ್ತೆ ಎಷ್ಟು ಬೇಗ ಏರುತ್ತದೆಂದು ನೋಡುವುದು ನಮ್ಮ ಕೆಲಸ. ರೇಡಿಯೊ ಹುಡುಗ ಕಟ್ಟೆಗೆ ಹೊಟ್ಟೆ ಹಚ್ಚಿ ಮಲಗಿ ವೈರು ಇಳಿಸುತ್ತಿದ್ದ. ಬಜರ್ ಕೂಗುತ್ತಿತ್ತು, ಅವನು ವೈರು ಮೇಲೆತ್ತುತ್ತಿದ್ದ, ಮತ್ತೆ ಕೂಗುತ್ತಿತ್ತು. ಅಷ್ಟು ಜೋರಾಗಿ ನೀರು ಏರುವುದನ್ನು ನಾವು ಬೇರೆಲ್ಲೂ ಕಂಡಿರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಹುಡುಗಿಯ ಕೂಗು ಬಂತು.

"ಅಕ್ಕೋರೇ! ಇಲ್ಲಿ ಬಿರುಕದ! ಪಡುವಣ ಕಡಿಗೆ! ಕೈ ಇಟ್ರ ತಣ್ಣಗ ದಬ್ಬತದ!"

ಅದೇ ಸೆಲೆ. ಪಡುವಣ ಗೋಡೆಯ ಕಲ್ಲಿನ ನಡುವಿನ ಸೀಳಿನಿಂದ ನೀರು ಬರುತ್ತಿತ್ತು. ಅವಳು ಮೇಲೆ ಬಂದು, ಒದ್ದೆ ಬಟ್ಟೆಯಲ್ಲೇ ಕೂತು, ಸೀಳು ಯಾವ ದಿಕ್ಕಿಗೆ ಓರೆಯಾಗಿದೆ ಎಂದು ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದಳು. ದಿಕ್ಸೂಚಿ ಇಟ್ಟು ನೋಡಿದೆವು. ಆಯಿಯ ಹೊಲ ದಾಟಿ, ಬೇಲಿ ದಾಟಿ, ಆಚೆಗಿದ್ದ ಊರ ಧಣಿಯ ದೊಡ್ಡ ಹೊಲದ ಕಡೆಗೆ ಹೋಗುತ್ತಿತ್ತು ಗೆರೆ. ಅಣ್ಣಾರು ಅವಳ ತಲೆ ಸವರಿ, "ನೆಲದ ಒಳಗಿಂದು ನೋಡಿ ಬಂದಾಳ ನೋಡ್ರಿ ನಮ್ಮ ಹುಡುಗಿ" ಎಂದು ಊರವರಿಗೆಲ್ಲ ಹೇಳಿದರು. ಆಯಿ ಎಲ್ಲರಿಗೂ ಶೇಂಗಾ ಹಿಂಡಿಯ ಚಟ್ನಿ ಹಚ್ಚಿ ಜೋಳದ ರೊಟ್ಟಿ ಕೊಟ್ಟಳು. ಆ ದಿನದಷ್ಟು ಸಂತೋಷದ ದಿನ ನನ್ನ ಕೆಲಸದಲ್ಲಿ ಮತ್ತೆ ಬರಲಿಲ್ಲ.

ಚಳಿಗಾಲ ಮುಗಿಯುವ ಮೊದಲು ಜೇವರ್ಗಿ ಕಡೆಯ ಬಾವಿಗಳನ್ನೂ ನೋಡಿದೆವು. ಕೊಳಕೂರಿನ ಹತ್ತಿರದ ಒಂದು ಬಾವಿಯಲ್ಲಿ ಕಂದೀಲು ಅರ್ಧಕ್ಕೇ ಆರಿತು. ಮಕ್ಕಳು ಎಷ್ಟು ಬೇಡಿದರೂ ನಾನು ಇಳಿಸಲಿಲ್ಲ; ಮೇಲಿನಿಂದಲೇ ವೈರು ಬಿಟ್ಟು ಅಳೆದೆವು. ಅಷ್ಟರಲ್ಲಿ ಕೇಂದ್ರಕ್ಕೆ ಹೊಸ ಹಗ್ಗ, ಹೊಸ ಡೇರೆ ಬಂದಿದ್ದವು. ಇನ್ನೂ ದೊಡ್ಡ ಸುದ್ದಿಯೆಂದರೆ, ಚಹಾದಂಗಡಿಯ ಹುಡುಗಿ, ರೇಡಿಯೊ ಹುಡುಗ ಇಬ್ಬರ ಹೆಸರನ್ನೂ ಅಣ್ಣಾರು ಹಿಮಾಲಯದ ಪರ್ವತಾರೋಹಣ ತರಬೇತಿಗೆ ಬರೆಸಿದ್ದರು. ಗುಲ್ಬರ್ಗಾ ಬಿಟ್ಟು ಎಲ್ಲಿಗೂ ಹೋಗದ ಮಕ್ಕಳು. ಓಣಿಯಲ್ಲಿ ಹಬ್ಬವಾಯಿತು.

ಬೇಸಿಗೆಯಲ್ಲಿ ಎರಡನೆಯ ಸಲ ಅಳೆಯಲು ಹೊರಟೆವು. ಆಳಂದದ ಬಾವಿಗಳಲ್ಲಿ ನೀರು ಸ್ವಲ್ಪ ಇಳಿದಿತ್ತು, ಬೇಸಿಗೆಗೆ ಇಳಿಯಬೇಕಾದಷ್ಟೇ. ಅದೇ ವಾರ ಅಫಜಲಪುರ ಕಡೆಯ ಆ ಊರಿಗೆ ಹೋದೆವು. ಅಣ್ಣಾರು ಬರಲಿಲ್ಲ, ಕೆಲಸ ಇದೆ ಎಂದಿದ್ದರು. ಹೋದ ಸಲ ನಮ್ಮ ಹಿಂದೆ ಓಡಿಬಂದಿದ್ದ ಊರು ಈ ಸಲ ಕಟ್ಟೆಯಿಂದ ಏಳಲಿಲ್ಲ. ಬಿಸಿಲಿಗೆ ಇರಬೇಕು ಎಂದುಕೊಂಡೆ.

ರೇಡಿಯೊ ಹುಡುಗ ವೈರು ಬಿಟ್ಟ. ಹಳೆಯ ಮಟ್ಟದ ದಾರ ದಾಟಿತು. ಬಜರ್ ಇಲ್ಲ. ಇನ್ನೂ ಬಿಟ್ಟ. ಬೋಲ್ಟು ತಳಕ್ಕೆ ಹೋಗಿ ಕೂತು ವೈರು ಸಡಿಲಾಯಿತು. ಬಜರ್ ಇಲ್ಲ.

"ಎಲ್ಲೋ ಕಡದದ್ರಿ" ಎಂದು ಅವನು ವೈರನ್ನು ಮೇಲೆಳೆದು, ನಮ್ಮ ಕುಡಿಯುವ ನೀರಿನ ಡಬ್ಬಿಯಲ್ಲಿ ತುದಿ ಅದ್ದಿದ. ಬಜರ್ ಕೂಗಿತು. ಯಂತ್ರ ಸರಿಯಾಗಿತ್ತು. ಹುಡುಗಿ ಕಟ್ಟೆಯಿಂದ ಬಗ್ಗಿ ನೋಡಿದಳು. ಕೆಳಗೆ ಬರೀ ಕೆಸರು ಹೊಳೆಯುತ್ತಿತ್ತು.

ಆಗ ನನ್ನ ಕಿವಿಗೆ ಬಿತ್ತು, ಬೇಲಿಯ ಆಚೆ ಪಂಪ್‌ಸೆಟ್ಟಿನ ಸದ್ದು. ದೊಡ್ಡ ಹೊಲದಲ್ಲಿ ಕಬ್ಬು ಮೊಣಕಾಲೆತ್ತರ ಬೆಳೆದಿತ್ತು. ದಪ್ಪ ಪೈಪಿನಿಂದ ನೀರು ಸುರಿಯುತ್ತಿತ್ತು. ಹುಡುಗಿ ಹೋದ ಸಲ ಮಣ್ಣಿನ ಮೇಲೆ ಎಳೆದ ಗೆರೆಯನ್ನು ಮುಂದುವರಿಸಿದರೆ ಆ ಪೈಪಿನ ಬುಡಕ್ಕೇ ಹೋಗಿ ಮುಟ್ಟುತ್ತಿತ್ತು.

ಆಯಿ ಯಾವಾಗ ಬಂದು ನಿಂತಿದ್ದಳೋ ತಿಳಿಯಲಿಲ್ಲ.

"ಅಳೆದ್ರೇನವ್ವಾ?" ಎಂದಳು. "ಎಷ್ಟದ ಈಗ?"

ನಾನು ಬೇಲಿಯ ಆಚೆಗೆ ಕೈ ತೋರಿಸಿದೆ. "ಯಾವಾಗ ಹಾಕಿದ್ರು ಬೋರು?" ಎಂದೆ.

"ನೀವು ಹೋಗಿ ಒಂದು ತಿಂಗಳ ಆಗಿತ್ತೇನೋ. ನಿಮ್ಮ ಅಣ್ಣಾರೇ ಬಂದಿದ್ರು, ನಿಮ್ಮ ಜೀಪಿನ್ಯಾಗೇ. ಧಣಿ ಜೋಡಿ ನಿಂತು, ಇಲ್ಲಿ ಹಾಕ್ರಿ ಅಂತ ಕೋಲು ನೆಟ್ಟು ತೋರ್ಸಿ ಹ್ವಾದ್ರು. ನಾ ಕೈ ಮಾಡಿ ಕರದೆ. ನೋಡ್ಲಿಲ್ಲ." ಬೇಲಿಯ ಕಡೆ ತಿರುಗಿ ಮತ್ತೆ ಹೇಳಿದಳು. "ಹತ್ತು ವರ್ಷದಿಂದ ಧಣಿ ನೀರು ಹುಡುಕಾಕತ್ತಿದ್ದ. ಎಷ್ಟು ಕಡಿ ಕೊರಸಿದ್ರೂ ಸವುಳೇ ಬಂತು. ನಮ್ಮ ಗಂಗವ್ವನ ದಾರಿ ಅವಗ ಗೊತ್ತಿರಲಿಲ್ಲ."

ಚಹಾದಂಗಡಿಯ ಹುಡುಗಿ ಅಲ್ಲೇ ಕುಳಿತುಬಿಟ್ಟಳು. "ನಾ ಹೇಳಿದ್ದು" ಎಂದಳು. "ನಾ ಇಳಿದು ನೋಡಿ ಹೇಳಿದ್ದು."

ಮರುದಿನ ಮಧ್ಯಾಹ್ನ ಕೇಂದ್ರಕ್ಕೆ ಹೋದೆ. ಅಣ್ಣಾರು ಡೇರೆಯ ಹೊಲಿಗೆ ನೋಡುತ್ತಾ ಕೂತಿದ್ದರು. ಅವರು ಇಲ್ಲ ಎನ್ನಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಆಯಿ ಯಾರನ್ನೋ ನೋಡಿ ಇವರೆಂದು ತಿಳಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಬೋರಿಗೆ ಜಾಗಾ ನೀವು ತೋರಿಸಿದ್ರೇನ್ರಿ?"

"ತೋರಿಸಿದೆ" ಎಂದರು, ತಲೆ ಎತ್ತದೆ. "ಕೂಡು ತಂಗೀ. ಈ ಡೇರೆ, ಆ ಹಗ್ಗ, ಜೀಪಿನ ಎಣ್ಣಿ, ಎಲ್ಲಾ ಎಲ್ಲಿಂದ ಬಂದಾವ ಅಂತ ತಿಳಿದಿದ್ದಿ? ಧಣಿ ಕೊಟ್ಟಾನ. ಹುಡುಗ್ರ ತರಬೇತಿ ಖರ್ಚೂ ಅವಂದೇ. ನೀರು ಎಲ್ಲದ ಅಂತ ಕೇಳಿದ. ನೆಲದಾಗಿನ ನೀರು ಯಾರ ಮನೀದು?"

"ಕಟ್ಟಿ ಮ್ಯಾಲ ಕೈ ಇಟ್ಟು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ನಮ್ಮಿಂದ ಏನಾತು? ಬಾವಿಗೆ ನಾವು ವಿಷ ಹಾಕೀವೇನು? ಮಳಿ ಬಂದ್ರ ತುಂಬತದ." ಆಮೇಲೆ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ, ಬುದ್ಧಿ ಹೇಳುವವರ ತಾಳ್ಮೆ ಇತ್ತು. "ಇದನ್ನ ದೊಡ್ಡದು ಮಾಡಬ್ಯಾಡ. ಮಾಡಿದ್ರ ಆ ಎರಡು ಹುಡುಗ್ರ ಹೆಸರು ಹೋಗ್ತಾವ. ನನಗೇನು ಆಗಂಗಿಲ್ಲ. ಓಣಿ ಹುಡುಗ್ರಿಗೆ ಆಗ್ತದ."

ಊರವರು ಆಗಲೇ ತಾಲ್ಲೂಕಿಗೆ ಅರ್ಜಿ ಕೊಟ್ಟಿದ್ದರು. ಸ್ಥಳ ನೋಡಲು ಅಧಿಕಾರಿಯೊಬ್ಬರು ಬರುವವರಿದ್ದರು. ಬೋರಿಗೂ ಬಾವಿಗೂ ಸಂಬಂಧವಿಲ್ಲ, ಬೇಸಿಗೆಗೆ ಎಲ್ಲ ಬಾವಿಯೂ ಬತ್ತುತ್ತವೆ ಎನ್ನುವುದು ಧಣಿಯ ವಾದ. ಅದು ಸುಳ್ಳೆಂದು ತೋರಿಸುವ ಸಾಕ್ಷಿ ಇದ್ದದ್ದು ನಮ್ಮಲ್ಲಿ ಮಾತ್ರ: ಚಳಿಗಾಲದಲ್ಲಿ ಆ ಬಾವಿಯ ಮಟ್ಟ ಎಷ್ಟಿತ್ತು, ಸೆಲೆ ಯಾವ ದಿಕ್ಕಿನದು, ಇದೇ ಬೇಸಿಗೆಯಲ್ಲಿ ಬೇರೆ ಬಾವಿಗಳು ಎಷ್ಟು ಕಡಿಮೆ ಇಳಿದಿವೆ.

ಇದನ್ನು ನಾನೊಬ್ಬಳೇ ತೀರ್ಮಾನಿಸುವಂತಿರಲಿಲ್ಲ. ಕಳೆದುಹೋಗುವ ಅವಕಾಶ ಮಕ್ಕಳದು. ಚಹಾದಂಗಡಿಯ ಬೆಂಚಿನ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಅಣ್ಣಾರು ಹೇಳಿದ್ದನ್ನು ಮುಚ್ಚಿಡದೆ ಹೇಳಿದೆ. ನಾವು ಹೋಗಿ ಹೇಳಿದರೆ ಹಿಮಾಲಯ ಇಲ್ಲ. ಹೇಳದಿದ್ದರೆ ಯಾರೂ ಕೇಳುವುದಿಲ್ಲ.

ಹುಡುಗಿ ಯೋಚಿಸಲೇ ಇಲ್ಲ. "ನಾ ಬರ್ತೇನಿ."

ರೇಡಿಯೊ ಹುಡುಗ ಲೋಟದ ತಳ ನೋಡುತ್ತಿದ್ದ. "ನಾನೂ ಬರ್ತೇನ್ರಿ ಅಕ್ಕೋರೇ" ಎಂದ. "ಯಂತ್ರ ನಂದು. ನಾ ಹೇಳದಿದ್ರ ಯಾರು ಹೇಳಬೇಕು?"

ನನಗೆ ಆಗ ಅಳು ಬಂದಿತ್ತು. ಒಳಗೆ ಬೇರೆಯವರು ಚಹಾ ಕುಡಿಯುತ್ತಿದ್ದರಿಂದ ತಡೆದುಕೊಂಡೆ.

ಅಧಿಕಾರಿ ಬರುವ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಯೂ ನಾನೂ ಅವನಿಗಾಗಿ ಕಾದೆವು. ಬಸ್ಸು ಹೊರಟಿತು, ಅವನು ಬರಲಿಲ್ಲ. ಜ್ವರ ಬಂದಿರಬೇಕು ಎಂದಳು ಹುಡುಗಿ. ನಾವು ಊರು ಮುಟ್ಟಿದಾಗ ಬೇವಿನ ಮರದ ಕೆಳಗೆ ಅಧಿಕಾರಿಗೆ ಕುರ್ಚಿ ಹಾಕಿದ್ದರು. ಊರವರು ಒಂದು ಬದಿಗೆ, ಧಣಿಯ ಜನ ಇನ್ನೊಂದು ಬದಿಗೆ. ಧಣಿಯ ಗಾಡಿಯಿಂದ ಅಣ್ಣಾರು ಇಳಿದರು. ಅವರ ಹಿಂದೆ ರೇಡಿಯೊ ಹುಡುಗ ಇಳಿದ.

ನಾನು ನಮ್ಮ ಅಳತೆಗಳನ್ನೆಲ್ಲ ಹೇಳಿದೆ. ಅಧಿಕಾರಿ ಗಮನವಿಟ್ಟು ಕೇಳಿದರು, ಬರೆದುಕೊಂಡರು. ಹುಡುಗಿ ಪಡುವಣ ಸೀಳಿನ ವಿಷಯ ಹೇಳಿದಳು, ಬೇಕಾದರೆ ಈಗಲೇ ಇಳಿದು ತೋರಿಸುತ್ತೇನೆ ಎಂದಳು. ಆಮೇಲೆ ಅಧಿಕಾರಿ ಅಣ್ಣಾರನ್ನು ಕೇಳಿದರು. ಅಣ್ಣಾರು ನಕ್ಕರು, ನಾನು ಚೆನ್ನಾಗಿ ಬಲ್ಲ ಆ ಪ್ರೀತಿಯ ನಗು.

"ಸಾಹೇಬ್ರ, ಇದು ಹುಡುಗ್ರ ಆಟ. ಓಣಿ ಹುಡುಗ್ರು ಕೆಡಬಾರದು, ಹುರುಪು ಬರ್ಲಿ ಅಂತ ನಾನೇ ಹಚ್ಚಿದ್ದು. ಬ್ಯಾಟರಿ, ಬಜರು, ಸೈಕಲ್ ಪಂಪು. ಇದರ ಮ್ಯಾಲ ಯಾರರ ಹೊಲದ ನ್ಯಾಯ ಮಾಡ್ತಾರೇನ್ರಿ?"

ಹುಡುಗಿ ಎದ್ದು ನಿಂತಳು. "ಹಂಗಾದ್ರ ಬೋರು ಯಾವುದರ ಮ್ಯಾಲ ಹಾಕ್ಸಿದ್ರಿ ಅಣ್ಣಾರ?"

ಊರಿನ ಕಡೆಯಿಂದ ಯಾರೋ "ಖರೇ ಕೇಳಿದಿ ಬೇ" ಎಂದರು. ಅಣ್ಣಾರು ಅವಳ ಕಡೆ ನೋಡಲಿಲ್ಲ. "ಯಂತ್ರ ಮಾಡಿದ ಹುಡುಗ ಇಲ್ಲೇ ಅದಾನ್ರಿ. ಅವನ್ನೇ ಕೇಳ್ರಿ" ಎಂದರು.

ಅಧಿಕಾರಿ ಅವನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು. "ಹೆದರಬ್ಯಾಡಪ್ಪಾ. ನಿನ್ನ ಯಂತ್ರ ಸರಿ ತೋರಸ್ತದೇನು?"

ಅವನು ತನ್ನ ಕಾಲ್ಬೆರಳನ್ನು ನೋಡುತ್ತಿದ್ದ.

"ತಪ್ಪು ತೋರಿಸಿತ್ರಿ. ನೀರು ಇಲ್ಲದಿದ್ರೂ ಕೂಗಿತ್ತು. ಪಾಚಿಗೆ ತಾಗಿದ್ರ."

"ಅದನ್ನ ಆಮೇಲೆ ಸರಿ ಮಾಡಿದ್ವಿ, ಹೇಳೋ" ಎಂದೆ ನಾನು. ನನ್ನ ದನಿ ಬೇಡಿಕೊಳ್ಳುತ್ತಿದ್ದಂತೆ ನನಗೇ ಕೇಳಿಸಿತು. "ಆಮೇಲೆ ಒಂದು ಸಲಾನೂ ತಪ್ಪಲಿಲ್ಲ, ಹೇಳು."

ಅವನು ಹೇಳಲಿಲ್ಲ. ಸರಿ ಮಾಡಿದ್ದನ್ನು ಹೊರಗಿನವರು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಅಧಿಕಾರಿ ನನ್ನನ್ನು ಕೇಳಿದರು. ಇಲ್ಲ, ನಾವೇ ಪರೀಕ್ಷಿಸಿದ್ದು ಎಂದೆ. ಅವರು ಪೆನ್ನು ಮುಚ್ಚಿದರು. ಕೆಟ್ಟ ಮನುಷ್ಯರಲ್ಲ ಅವರು. ಹೋಗುವಾಗ ಬಾವಿಯೊಳಗೆ ಬಗ್ಗಿ ನೋಡಿ ಸ್ವಲ್ಪ ಹೊತ್ತು ನಿಂತರು. ಆದರೆ ಬಾವಿ ಬತ್ತಲು ಬೋರೇ ಕಾರಣ ಎನ್ನಲು ಆಧಾರ ಸಾಲದು ಎಂದಾಯಿತು. ಊರಿನ ಕಡೆಗೆ ಬೆಳಿಗ್ಗೆ ಒಂದಿಷ್ಟು ಹೊತ್ತು ಪೈಪು ಬಿಡುತ್ತೇನೆಂದು ಧಣಿ ಎಲ್ಲರೆದುರು ಉದಾರವಾಗಿ ಒಪ್ಪಿಕೊಂಡ. ತಮ್ಮದೇ ಬಾವಿಯ ನೀರಿಗೆ ಹೆಣ್ಣುಮಕ್ಕಳು ಅವನ ಬೇಲಿಯ ಮುಂದೆ ಕೊಡ ಹಿಡಿದು ನಿಲ್ಲುವುದು ಮರುದಿನದಿಂದಲೇ ಶುರುವಾಯಿತು.

ಜನ ಚದುರಿದ ಮೇಲೆ ಆಯಿ ನಮ್ಮಿಬ್ಬರನ್ನು ಮನೆಗೆ ಕರೆದಳು. ಉಣ್ಣದೆ ಕಳಿಸುವುದಿಲ್ಲ ಎಂದಳು. ರೊಟ್ಟಿ ಬಡಿದು ಹಾಕಿದಳು. ನೀರು ಕೊಟ್ಟಾಗ ಹುಡುಗಿ ತಂಬಿಗೆ ಮುಟ್ಟಲಿಲ್ಲ.

"ಕುಡಿ ಬೇ" ಎಂದಳು ಆಯಿ. "ನಿನ್ನ ಮ್ಯಾಲ ಸಿಟ್ಟಿಲ್ಲ ನಂದು. ನೀ ಕಂಡಿದ್ದು ಹೇಳಿದಿ." ನಾವು ಹೊರಡುವಾಗ ಬಾಗಿಲ ತನಕ ಬಂದಳು. ನನ್ನ ಕೈ ಹಿಡಿದು, "ನೀವು ಛಲೋ ಮಂದಿ ಇದ್ದೀರವ್ವಾ. ಆದ್ರ ಇನ್ನ ನಮ್ಮೂರಿಗೆ ಬರಬ್ಯಾಡ್ರಿ" ಎಂದಳು.

ನಾನು ಕೇಂದ್ರ ಬಿಟ್ಟೆ. ಬಿಡುವ ಮೊದಲು ಆಳಂದದ, ಜೇವರ್ಗಿಯ ಊರೂರಿಗೆ ಹೋಗಿ, ಆಯಾ ಬಾವಿಯ ಸೆಲೆ ಯಾವ ಕಡೆಯದೆಂದು ಆಯಾ ಊರವರಿಗಷ್ಟೇ ಬಾಯಲ್ಲಿ ಹೇಳಿ ಬಂದೆ. ಜೇವರ್ಗಿ ಕಡೆಯ ಹಿರಿಯರೊಬ್ಬರು ಎಲ್ಲ ಕೇಳಿಸಿಕೊಂಡು, "ಮತ್ಯಾರಿಗೆ ಹೇಳೀರಿ ಇದನ್ನ?" ಎಂದರು. ಯಾರಿಗೂ ಇಲ್ಲ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ನಂಬಿ ಎಂದು ಹೇಳುವ ಬಾಯಿ ನನಗೂ ಉಳಿದಿರಲಿಲ್ಲ.

ತರಬೇತಿಗೆ ಹೋಗುವ ಹಿಂದಿನ ದಿನ ರೇಡಿಯೊ ಹುಡುಗ ನಮ್ಮ ಮನೆಗೆ ಬಂದ. ಹುಡುಗಿಯ ಹೆಸರು ತೆಗೆದಿದ್ದರು, ಅವನದು ಉಳಿದಿತ್ತು. ಅವಳು ಆ ಹೊತ್ತಿಗೆ ನಮ್ಮ ಮನೆಯಲ್ಲೇ ಇದ್ದಳು, ಒಳಗೆ ಅಡುಗೆಮನೆಯಲ್ಲಿ. ಅವನ ದನಿ ಕೇಳಿ ಅವಳ ಕೈಯ ಪಾತ್ರೆಯ ಸದ್ದು ನಿಂತಿತು.

ಅವನು ನನ್ನ ಕಾಲು ಮುಟ್ಟಿದ. ಹೊಸ್ತಿಲ ಒಳಗೆ ಬರಲಿಲ್ಲ. "ನಾ ಸುಳ್ಳು ಹೇಳಲಿಲ್ರಿ ಅಕ್ಕೋರೇ."

"ಹೌದು. ಸುಳ್ಳು ಹೇಳಲಿಲ್ಲ ನೀನು."

ಇನ್ನೇನಾದರೂ ಹೇಳುತ್ತೇನೆಂದು ಕಾದ. ಹೇಳಲು ನನ್ನಲ್ಲಿ ಕೆಲಸದ ಮಾತು ಮಾತ್ರ ಇತ್ತು. ಅಲ್ಲಿ ಒದ್ದೆ ಕಾಲುಚೀಲದಲ್ಲಿ ಮಲಗಬೇಡ, ನಿನ್ನ ಗಂಟನ್ನು ನೀನು ಕಟ್ಟಿದ ಮೇಲೂ ಇನ್ನೊಬ್ಬರಿಗೆ ತೋರಿಸು, ಎತ್ತರದಲ್ಲಿ ತಲೆ ನೋವಾದರೆ ಮುಚ್ಚಿಡಬೇಡ, ಎಂದೆ. ಪ್ರತಿ ಮಾತಿಗೂ ಹೂಂ ಎಂದ. ಮೆಟ್ಟಿಲಿಳಿದು ಹೋದ.

ಹುಡುಗಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಹ್ವಾದನೇನ್ರಿ?"

"ಹೋದ."

"ಅಲ್ಲಿ ಭಾಳ ಥಂಡಿ ಅಂತ. ಬೆಚ್ಚಗಿನ ಅಂಗಿ ಅದಾವಂತೇನು ಅವನ ಹಂತ್ಯಾಕ?"

ನಾನು ಕೇಳಿರಲಿಲ್ಲ. ಹಾಗೆಂದೆ.

ಅವಳು ಬೀದಿಯ ಕಡೆ ನೋಡಿದಳು. "ನಮ್ಮವ್ವ ನನಗಂತ ಸ್ವೆಟರ್ ಹೆಣೆದಾಳ್ರಿ. ಹಂಗೇ ಮಡಚಿ ಇಟ್ಟಾಳ" ಎಂದಳು. "ಆದ್ರ ನಾ ಕೊಡಂಗಿಲ್ಲ."